ಮೈನರ್ ಕಾರಿಗೆ ಜಿಪ್ಸಿ ಎಂಜಿನ್ ಕೂರಿಸಿದ ವರ್ಷ

ಗಾಡಿಗಳ ತಗಡು ತಟ್ಟುವ ಟಿಂಕರಿಂಗ್ ಕೆಲಸಕ್ಕೆ ಸೇರಬೇಕೆನ್ನುವವರು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಅಣ್ಣ, ಈ ಲೈನಲ್ಲಿ ಮುಂದೆ ಬರಬೋದಾ?" ಎಂದು ಕೇಳುತ್ತಾರೆ. ಮುಂದೆ ಬರುವುದು ಹೇಗೆಂದು ನನಗೆ ಗೊತ್ತಿಲ್ಲ. ನಾನು ಜೀವನದ ಹೆಚ್ಚು ಭಾಗ ಗಾಡಿಗಳ ಕೆಳಗೆ ಮಲಗಿದ್ದವನು. ಅರ್ಧ ಆಯಸ್ಸು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಕಳೆಯಿತು, ಉಳಿದರ್ಧ ಕೆಂಗೇರಿ ಉಪನಗರದ ಹಿಂಬದಿಯ ನನ್ನದೇ ಶೆಡ್ಡಿನಲ್ಲಿ. ಕೆಲಸ ಹೇಗಿರುತ್ತದೆ ಎಂದು ಕೇಳಿದರೆ ಮಾತ್ರ ಹೇಳಬಲ್ಲೆ. ಬರೆಯುವುದು ನನಗೆ ಹೊಸದು. ಸೊಟ್ಟಗಾದ ಕಡೆ ನೀವೇ ತಟ್ಟಿ ನೆಟ್ಟಗೆ ಮಾಡಿಕೊಳ್ಳಿ.

ನನಗೆ ಕೆಲಸ ಕಲಿಸಿದವರು ಗಫೂರ್ ಉಸ್ತಾದ್. ರಾಜಾಜಿನಗರದ ಗ್ಯಾರೇಜಿಗೆ ಅವರೇ ಹೆಡ್ಡು. ಸೇರಿದ ಮೊದಲ ಆರು ತಿಂಗಳು ನನ್ನ ಕೈಗೆ ಸುತ್ತಿಗೆ ಕೊಡಲಿಲ್ಲ. ಒಂದು ತೆಳ್ಳನೆ ಮಲ್ ಬಟ್ಟೆ ಕೊಟ್ಟು, ಅದನ್ನು ತಗಡಿನ ಮೇಲೆ ಹಾಸಿ ಅಂಗೈಯಿಂದ ಸವರು ಎನ್ನುತ್ತಿದ್ದರು. "ಕಣ್ಣು ಮುಚ್ಚು ಬೇಟಾ. ಕೈಯಿಂದ ನೋಡು." ಒಂದು ಟ್ಯಾಕ್ಸಿಯ ಬಾಗಿಲನ್ನು ಹೀಗೆ ಸವರಿ "ಸರಿಯಾಗಿದೆ ಉಸ್ತಾದ್" ಅಂದೆ. ಅವರು ಬಂದು ಅಂಗೈ ಆಡಿಸಿ, ಸೀಮೆಸುಣ್ಣದಲ್ಲಿ ಏಳು ಸುತ್ತು ಹಾಕಿ ಟೀ ಕುಡಿಯಲು ಹೋದರು. ಏಳು ಕಡೆಯೂ ತಗ್ಗು ಇತ್ತು. ನನಗೆ ಅಂದು ಟೀ ಸಿಗಲಿಲ್ಲ.

ಅವರ ಕಾಲದಲ್ಲಿ ತಗ್ಗು ತುಂಬಲು ಸೀಸ ಕರಗಿಸಿ ಹಚ್ಚುತ್ತಿದ್ದರು. ಆಮೇಲೆ ಡಬ್ಬದ ಪುಟ್ಟಿ ಬಂತು, ನನ್ನಂಥ ಸೋಮಾರಿಗಳಿಗೆ ಹಬ್ಬವಾಯಿತು. ವಿಜಯನಗರದ ಒಂದು ಮದುವೆ ಗಾಡಿಗೆ ತಟ್ಟುವ ಬದಲು ಬೆರಳು ದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕಳಿಸಿದೆ. ಛತ್ರದ ಮುಂದೆ ಹಂಪು ಹಾರಿದ ಕೂಡಲೇ ಬಾಗಿಲಿನಿಂದ ರೊಟ್ಟಿಯಗಲದ ತುಂಡು ಕಳಚಿ ಬಿತ್ತಂತೆ, ಅದೂ ಬೀಗರ ಕಾಲ ಬಳಿಯೇ. ಉಸ್ತಾದ್ ಬೈಯಲಿಲ್ಲ. ಆ ತುಂಡನ್ನು ತರಿಸಿ ನೀರಿನ ಮಡಕೆಯ ಪಕ್ಕ ಒಂದು ತಿಂಗಳು ಇಟ್ಟರು. ನೀರು ಕುಡಿಯಲು ಬಂದವರೆಲ್ಲ "ಇದೇನು?" ಎಂದು ಕೇಳುವುದು, ಇವರು ನನ್ನ ಕಡೆ ಬೆರಳು ತೋರಿಸುವುದು. ಬೈದಿದ್ದರೇ ವಾಸಿಯಿತ್ತು.

ಉಸ್ತಾದರ ಇನ್ನೊಂದು ಕಟ್ಟುನಿಟ್ಟು: ಹಳೇ ಗಾಡಿಯ ಒರಿಜಿನಲ್ ತಗಡನ್ನು ಕತ್ತರಿಸಬಾರದು. ಎಷ್ಟೇ ನಜ್ಜುಗುಜ್ಜಾಗಿದ್ದರೂ ತಟ್ಟಿ ಎಬ್ಬಿಸಬೇಕು. ಅವರು ತೀರಿಹೋದ ಮೇಲೂ ನಾನು ಆ ಮಾತು ಮೀರಿದವನಲ್ಲ. ಮೀರಿದ್ದು ಒಂದೇ ಸಲ, ಶೆಡ್ಡು ಮುಚ್ಚುವ ವರ್ಷ, ಸರೋಜಮ್ಮ ಟೀಚರ್ ಕೈಗೆ ಸಿಕ್ಕಿ. ನನ್ನ ಅಷ್ಟು ವರ್ಷದ ಕೆಲಸದಲ್ಲಿ ಹೇಳಲೇಬೇಕಾದದ್ದು ಅದೇ.

ಟೀಚರಿಗೆ ಆಗ ಅರವತ್ತೇಳು. ವಿಜಯನಗರದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ನಿವೃತ್ತರಾದವರು. ಎತ್ತರ ನಾಲ್ಕು ಅಡಿ ಹತ್ತು ಅಂಗುಲ, ದನಿ ಮಾತ್ರ ಮೈದಾನದ ಆ ತುದಿಗೆ ಕೇಳುವಂಥದ್ದು. ನೆರಿಗೆಗೆ ಪಿನ್ನು ಚುಚ್ಚಿದ ಹತ್ತಿ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಒಂದು ಬೆಳಿಗ್ಗೆ ನನ್ನ ಶೆಡ್ಡಿಗೆ ಬಂದು ನಿಂತರು.

"ನಾಗರಾಜಪ್ಪ ಅಂದ್ರೆ ನೀವೇನಾ? ನಮ್ಮಪ್ಪಂದು ಒಂದು ಮೈನರ್ ಕಾರಿದೆ. ಅದನ್ನ ಹಾಟ್ ರಾಡ್ ಮಾಡ್ಕೊಡ್ಬೇಕು."

ನಾನು ಕುರ್ಚಿ ಹಾಕಿದೆ. ಹಾಟ್ ರಾಡ್ ಎಂದರೆ ಹಳೇ ಗಾಡಿಯ ಮೈಗೆ ಜೋರು ಎಂಜಿನ್ ಕೂರಿಸಿ, ಗಾಡಿಯನ್ನು ನೆಲಕ್ಕೆ ಇಳಿಸಿ, ಹಿಂದೆ ಅಗಲ ಟೈರು ಹಾಕಿ, ಬಾನೆಟ್ ಕತ್ತರಿಸಿ ಎಂಜಿನ್ ಕಾಣುವ ಹಾಗೆ ಮಾಡುವುದು. ಕಾಲೇಜು ಹುಡುಗರು ಕೇಳಿಕೊಂಡು ಬರುತ್ತಿದ್ದರು, ನಾನು ಓಡಿಸುತ್ತಿದ್ದೆ. ಅಜ್ಜಿ ವಯಸ್ಸಿನವರು ಕೇಳಿದ್ದು ಅದೇ ಮೊದಲು.

ಹಳೇ ಕೆಂಗೇರಿಯ ಅವರ ಮನೆಗೆ ಹೋಗಿ ನೋಡಿದೆ. ಹಿತ್ತಿಲ ಶೀಟಿನ ಕೆಳಗೆ ಟಾರ್ಪಾಲ್ ಹೊದ್ದು ನಿಂತಿತ್ತು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಪುಟ್ಟ ಗಾಡಿ, ಕಡುಹಸಿರು ಬಣ್ಣ. ಬಟ್ಟೆ ಹಾಸಿ ಸವರಿದೆ. ಎಲ್ಲೂ ತಗ್ಗಿಲ್ಲ, ಎಲ್ಲೂ ಪುಟ್ಟಿಯಿಲ್ಲ. ಬಾಗಿಲು ಹಾಕಿದರೆ ಪೆಟ್ಟಿಗೆ ಮುಚ್ಚಿದ ಸದ್ದು. ಇದನ್ನು ಕತ್ತರಿಸುವುದೇ ಎಂದು ಬಟ್ಟೆ ಮಡಚಿ ಜೇಬಿಗಿಟ್ಟುಕೊಂಡೆ.

"ಆಗಲ್ಲ ಮೇಡಂ. ಇದನ್ನ ಕಟ್ ಮಾಡಿದ್ರೆ ಪಾಪ ಬರುತ್ತೆ. ಹಳೇ ಕಾರು ಇಟ್ಕೊಳ್ಳೋರು ಇದಕ್ಕೆ ಕಣ್ಣು ಮುಚ್ಚಿ ದುಡ್ಡು ಕೊಡ್ತಾರೆ. ಕಟ್ ಮಾಡಿದ್ಮೇಲೆ ಒಬ್ರೂ ತಿರುಗಿ ನೋಡಲ್ಲ."

"ಒಬ್ರೂ ನೋಡಲ್ವಾ?"

"ಒಬ್ರೂ ನೋಡಲ್ಲ."

"ಗ್ಯಾರಂಟೀನಾ?"

"ಗ್ಯಾರಂಟಿ ಮೇಡಂ."

"ಹಾಗಾದ್ರೆ ಕಟ್ ಮಾಡಿ," ಎಂದರು.

ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟು ವಿಷಯ ಹೇಳಿದರು. ಅವರ ತಂದೆ ಕೆಂಗೇರಿಯಲ್ಲಿ ಡಾಕ್ಟರಾಗಿದ್ದವರು. ತಾಯಿ ತೀರಿಕೊಂಡಾಗ ತಮ್ಮ ಶಿವಣ್ಣನಿಗೆ ಏಳು ವರ್ಷ. ಅವನನ್ನು ಸಾಕಿ, ಓದಿಸಿ, ಮದುವೆ ಮಾಡಿದವರು ಇವರೇ. ತಮ್ಮ ಕೇಳಿದ ಎಂದು ಜಮೀನಿನ ಕಾಗದಕ್ಕೆ ಸೈನ್ ಹಾಕಿದರು. ಈಗ ಅಲ್ಲೊಂದು ಲೇಔಟ್ ಎದ್ದಿದೆ. ಇವರ ಹೆಸರಿನಲ್ಲಿ ಉಳಿದದ್ದು ಅಪ್ಪ ಬರೆದುಕೊಟ್ಟ ಈ ಕಾರೊಂದು. ಈಗ ತಮ್ಮ ಅದಕ್ಕೂ ಗಿರಾಕಿ ಹುಡುಕಿದ್ದಾನೆ. ಸದಾಶಿವನಗರದ ಕಡೆಯವರೊಬ್ಬರು ಬಂದು ನೋಡಿ, "ಒಂದು ಬೋಲ್ಟೂ ಮುಟ್ಟಬೇಡಿ, ಹೀಗೇ ತಗೋತೀನಿ" ಎಂದು ಹೋಗಿದ್ದಾರೆ.

"ಕೊಡಲ್ಲ ಅಂತ ಹೇಳಿಬಿಡಿ ಮೇಡಂ. ಗಾಡಿ ನಿಮ್ದು," ಎಂದೆ.

"ಸಾವಿರ ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸಿದೋಳು ಕಣ್ರೀ ನಾನು. ಆದ್ರೆ ಶಿವು ಮುಖ ನೋಡಿದ್ರೆ ಬೇಡ ಅನ್ನೋಕೆ ಬಾಯೇ ಬರಲ್ಲ. ಅಮ್ಮ ಸತ್ತಾಗಿನ ಮುಖಾನೇ ಕಾಣುತ್ತೆ. ಅದಕ್ಕೇ, ಯಾರಿಗೂ ಬೇಡವಾಗೋ ಹಾಗೆ ಮಾಡ್ಕೊಡಿ. ಕೆಡಿಸೋದು ಹೇಗೂ ಕೆಡಿಸ್ತೀರಿ, ಚೆನ್ನಾಗಿ ಕೆಡಿಸಿ. ನಂಗೂ ಒಂಚೂರು ಸ್ಪೀಡಾಗಿ ಹೋಗೋ ಆಸೆ ಇದೆ."

ಒಪ್ಪಿಕೊಂಡೆ. ತಮ್ಮನಿಗೆ ಗಾಡಿ ರಿಪೇರಿಗೆ ಹೋಗಿದೆ ಎಂದಷ್ಟೇ ಹೇಳಿದರಂತೆ. ಎಂಜಿನ್ ಬದಲಾವಣೆಯ ಕಾಗದಪತ್ರದ ಓಡಾಟವನ್ನೆಲ್ಲ ಟೀಚರೇ ವಹಿಸಿಕೊಂಡರು.

ಕತ್ತರಿಸುವ ಮುಂಚೆ ಮೂರು ದಿನ ಗಾಡಿಯ ಸುತ್ತ ಸುಮ್ಮನೆ ಸುತ್ತಿದೆ. ಹೊಸಬರು ಇದನ್ನು ತಿಳಿದಿರಬೇಕು: ಮೈನರಿಗೆ ಕೆಳಗೆ ಭಾರ ಹೊರುವ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಎಲ್ಲೆಂದರಲ್ಲಿ ತಗಡು ಕೊಯ್ಯುವ ಗ್ರೈಂಡರ್ ಇಟ್ಟರೆ ಗಾಡಿ ನಡುವೆ ಮುರಿದು ಕೂರುತ್ತದೆ. ಕತ್ತರಿಸುವ ಮುಂಚೆಯೇ ಎರಡೂ ಬದಿಗೆ ಚೌಕ ಪೈಪು ಕೊಟ್ಟು ಬಿಗಿ ಮಾಡಬೇಕು. ಹೊಸ ತಗಡಿನ ಅಳತೆಗೆ ಈಗಿನವರು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ನಾನು ಲಗ್ನಪತ್ರಿಕೆಯಲ್ಲಿ ಮಾಡುತ್ತಿದ್ದೆ. ಗಿರಾಕಿಗಳು ಕೊಟ್ಟ ಪತ್ರಿಕೆಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದೆ. ಅದರಷ್ಟು ಗಟ್ಟಿ, ಅದರಷ್ಟು ಸಲೀಸಾಗಿ ಬಗ್ಗುವ ರಟ್ಟು ಬೇರೆಲ್ಲೂ ಸಿಗುವುದಿಲ್ಲ. ಅದನ್ನು ಕತ್ತರಿಯಲ್ಲಿ ಕತ್ತರಿಸಿ, ಜಾಗಕ್ಕೆ ಇಟ್ಟು, ಟೇಪು ಅಂಟಿಸಿ, ಸರಿಬಂದ ಮೇಲೆ ತಗಡಿನ ಮೇಲೆ ಗೆರೆ ಎಳೆಯುವುದು. ಟೀಚರ ಗಾಡಿಯ ಗೇರ್‌ಬಾಕ್ಸಿನ ಗೂಡಿಗೆ ಒಂಬತ್ತು ಮದುವೆ ಬೇಕಾಯಿತು.

ನಾಲ್ಕನೇ ದಿನ ಗ್ರೈಂಡರ್ ಹಿಡಿದೆ. ಉಸ್ತಾದ್ ಇದ್ದಿದ್ದರೆ ಕೈಗೆ ಹೊಡೆಯುತ್ತಿದ್ದರು. "ಮಾಫ್ ಮಾಡಿ ಉಸ್ತಾದ್" ಎಂದು ಗಟ್ಟಿಯಾಗಿಯೇ ಹೇಳಿ ಸ್ವಿಚ್ಚು ಒತ್ತಿದೆ. ಮೊದಲ ಕಿಡಿ ಹಾರಿದಾಗ ನನ್ನ ಕಣ್ಣು ತುಂಬಿತ್ತು. ಕನ್ನಡಕದೊಳಗೆ ದೂಳು ಹೋಯಿತು ಎಂದು ಫಯಾಜನಿಗೆ ಸುಳ್ಳು ಹೇಳಿದೆ.

ಫಯಾಜ್ ನನ್ನ ಪಕ್ಕದ ಶೆಡ್ಡಿನ ಎಂಜಿನ್ ಮೆಕ್ಯಾನಿಕ್ಕು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕೈಚಳಕದವನು. ಅವನ ದೋಷ ಒಂದೇ, "ಆರಾಮಾಗಿ ಕೂತ್ಕೊಳ್ಳುತ್ತೆ ಅಣ್ಣ" ಎನ್ನುವುದು. ಮೈಸೂರು ರಸ್ತೆಯ ಗುಜರಿಯಲ್ಲಿ ಒಂದು ಜಿಪ್ಸಿ ಜೀಪಿನ ಎಂಜಿನ್, ಅದರ ಗೇರ್‌ಬಾಕ್ಸ್ ಹುಡುಕಿ ತಂದ. ಮೈನರಿನ ಎಂಜಿನ್ನಿಗೆ ಹೋಲಿಸಿದರೆ ಇದಕ್ಕೆ ಎರಡು ಪಟ್ಟು ಕಸುವು. ಆರಾಮಾಗಿ ಕೂರುವ ಎಂಜಿನ್ನಿಗಾಗಿ ನಾನು ಮುಂದಿನ ಅಡ್ಡಪಟ್ಟಿ ಕತ್ತರಿಸಿದೆ, ಕಾಲಿಡುವ ಜಾಗದ ಗೋಡೆ ಹಿಂದಕ್ಕೆ ಸರಿಸಿದೆ, ಬಾನೆಟ್ಟಿನ ನಡುವೆ ಕಿಟಕಿ ಕೊರೆದೆ. ನಾಲ್ಕು ವಾರ ಹಿಡಿಯಿತು.

ಮೊದಲ ಸ್ಟಾರ್ಟ್ ಶುಕ್ರವಾರ. ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಸ್ಟಾರ್ಟ್ ಆಗಲೇಬೇಕೆಂದು ಟೀಚರ ಅಪ್ಪಣೆ. ಹತ್ತೂ ಇಪ್ಪತ್ತಕ್ಕೆ ಚೆಂಡುಹೂವಿನ ಹಾರ ಹಿಡಿದು ಬಂದರು. ಬಾನೆಟ್ ಇನ್ನೂ ಕೂರಿಸಿರಲಿಲ್ಲ, ಹಾರ ಹಾಕಲು ಗಾಡಿಗೆ ಮೂಗೇ ಇರಲಿಲ್ಲ. ಕೈಗೆ ಸಿಕ್ಕಿದ್ದು ರೇಡಿಯೇಟರ್. ಅದರ ನೆತ್ತಿಗೆ ಹಾರ ಇಳಿಬಿಟ್ಟು ಮೂವರೂ ಕೈಮುಗಿದೆವು. ಅವಸರದಲ್ಲಿ ಒಬ್ಬರಿಗೂ ಹಿಂದಿದ್ದ ಫ್ಯಾನು ನೆನಪಾಗಲಿಲ್ಲ. ಫಯಾಜ್ ಕೀ ತಿರುಗಿಸಿದ. ಎಂಜಿನ್ ಹೂಂಕರಿಸಿತು, ಹಾರ ಒಂದೇ ಏಟಿಗೆ ಮಾಯವಾಯಿತು. ಶೆಡ್ಡಿನ ತುಂಬ ಚೆಂಡುಹೂವಿನ ಮಳೆ. ನಾರು ಫ್ಯಾನಿಗೆ ಸುತ್ತಿಕೊಂಡು ಬೆಲ್ಟು ಹಾರಿ, ರೇಡಿಯೇಟರ್ ತೂತಾಗಿ ಚಿಲ್ಲೆಂದು ನೀರು ಚಿಮ್ಮಿತು. ಫಯಾಜನ ಗಡ್ಡದ ತುಂಬ ಹಳದಿ ಎಸಳು. ನಾನು ತಲೆ ಮೇಲೆ ಕೈಹೊತ್ತು ನಿಂತೆ. ಟೀಚರ್ ಮಾತ್ರ ವಾಚು ನೋಡಿಕೊಂಡು, "ಹತ್ತೂ ಇಪ್ಪತ್ತೆಂಟು. ಮುಂಚೇನೇ ಸ್ಟಾರ್ಟ್ ಆಯ್ತಲ್ಲ, ಅಷ್ಟು ಸಾಕು," ಎಂದರು. ಅಷ್ಟು ವರ್ಷ ಅನುಭವವಿದ್ದ ಇಬ್ಬರು ಕೂಡಿ ಮಾಡಿದ ತಪ್ಪಿದು.

ಇನ್ನೊಂದು ತಪ್ಪನ್ನು ನಾನೊಬ್ಬನೇ ಮಾಡಿದೆ. ಗೇರ್‌ಬಾಕ್ಸಿನ ಗೂಡು ಅಗಲವಾದ್ದರಿಂದ ಸೀಟನ್ನು ಹಿಂದೆಮುಂದೆ ಸರಿಸುವ ಹಳಿ ಕೂರಿಸಲು ಜಾಗವೇ ಉಳಿಯಲಿಲ್ಲ. ಟೀಚರನ್ನು ಮರದ ದಿಮ್ಮಿಯ ಮೇಲೆ ಕೂರಿಸಿ, ಕಾಲು ಚಾಚಿಸಿ, ಅಳತೆ ತೆಗೆದು ಸೀಟನ್ನು ನೆಲಕ್ಕೇ ವೆಲ್ಡ್ ಮಾಡಿಬಿಟ್ಟೆ. ನೀವು ಯಾವತ್ತೂ ಹೀಗೆ ಮಾಡಬೇಡಿ. ಜಾಗ ಮೊದಲು ಬಿಡಬೇಕು.

ಇನ್ನು ಹಿಂದಿನ ಚಕ್ರದ ಮೇಲಿನ ಮಡ್‌ಗಾರ್ಡು, ಅಂದರೆ ಫೆಂಡರ್. ಅಗಲ ಟೈರಿಗೆ ಅದನ್ನು ನಾಲ್ಕು ಅಂಗುಲ ಹಿಗ್ಗಿಸಬೇಕಿತ್ತು. ಮರಳಿನ ಚೀಲದ ಮೇಲೆ ಹೊಸ ತಗಡಿಟ್ಟು ಮರದ ಸುತ್ತಿಗೆಯಲ್ಲಿ ಹನ್ನೊಂದು ದಿನ ತಟ್ಟಿದೆ. ಪುಟ್ಟಿ ಮುಟ್ಟಲಿಲ್ಲ. ಬಟ್ಟೆ ಹಾಸಿ ಕಣ್ಣುಮುಚ್ಚಿ ಸವರಿದಾಗ ಎಲ್ಲಿಯೂ ಕೈ ತಡೆಯಲಿಲ್ಲ. ಕೆಡಿಸಲು ಒಪ್ಪಿಕೊಂಡ ಕೆಲಸ ಎನ್ನುವುದೇ ನನಗೆ ಮರೆತುಹೋಗಿತ್ತು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿ, ಅದೇ ಕಡುಹಸಿರು ಬಣ್ಣ ಹೊಡೆದು ಹೊರಗೆ ತಳ್ಳಿದಾಗ ಪಕ್ಕದ ಶೆಡ್ಡುಗಳವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಫಯಾಜ್ ಫೋನಿನಲ್ಲಿ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ.

ಭಾನುವಾರ ಬೆಳಿಗ್ಗೆ ಟೀಚರ್ ಗಾಡಿ ತೆಗೆದುಕೊಂಡು ಹೋಗಲು ಬಂದು ಶೆಡ್ಡಿನಲ್ಲಿ ನಿಂತಿದ್ದಾರೆ, ಅಷ್ಟರಲ್ಲಿ ಒಂದು ದೊಡ್ಡ ಕಾರು ಬಂತು. ಇಳಿದವರು ತಮ್ಮ ಶಿವಣ್ಣ, ಜೊತೆಗೆ ಸದಾಶಿವನಗರದ ಆ ಗಿರಾಕಿ. ಇಬ್ಬರೂ ವಿಡಿಯೋ ನೋಡಿದ್ದರು.

ಶಿವಣ್ಣನದು ಐವತ್ತೆಂಟರ ದಪ್ಪ ಶರೀರ. ಗಾಡಿ ನೋಡಿ ಅಳುವುದೊಂದು ಬಾಕಿ. "ಅಕ್ಕಾ, ಏನ್ ಮಾಡ್ಬಿಟ್ಟೆ! ಅಪ್ಪನ ಗಾಡೀನ ಹಿಂಗಾ ಮಾಡೋದು? ಈಗ ಯಾರು ತಗೋತಾರೆ ಇದನ್ನ?"

ಟೀಚರ್ ತಲೆ ತಗ್ಗಿಸಿದರು. ತುಟಿಯ ಅಂಚಿನ ನಗು ನನಗೊಬ್ಬನಿಗೆ ಕಾಣುತ್ತಿತ್ತು.

ಆದರೆ ಗಿರಾಕಿ ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಿಂದೆ ಮಂಡಿಯೂರಿ ಕೂತು, ಜೇಬಿನ ಕರವಸ್ತ್ರ ತೆಗೆದು ಫೆಂಡರಿನ ಮೇಲೆ ಹಾಸಿ ಅಂಗೈ ಆಡಿಸಿದರು. ಮನುಷ್ಯನಿಗೆ ಕೆಲಸ ಗೊತ್ತಿತ್ತು.

"ಇದು ಕೈಯಲ್ಲೇ ತಟ್ಟಿದ್ದಾ?"

"ಕೈಯಲ್ಲೇ ಸಾರ್. ಹನ್ನೊಂದು ದಿನ," ಎಂದೆ. ಹೆಮ್ಮೆಗೆ ಬಾಯಿ ಮೊದಲೇ ತೆರೆದುಕೊಂಡಿತ್ತು.

ಅವರು ಎದ್ದು ಶಿವಣ್ಣನ ಕಡೆ ತಿರುಗಿದರು. "ಒರಿಜಿನಲ್ ಮೈನರ್ ನನ್ನ ಹತ್ರ ಎರಡಿದೆ. ಇಂಥದ್ದು ಇಡೀ ಬೆಂಗಳೂರಲ್ಲಿ ಇಲ್ಲ. ಆವತ್ತು ಹೇಳಿದ್ದಕ್ಕೆ ಡಬಲ್ ಕೊಡ್ತೀನಿ."

ಶಿವಣ್ಣನ ಮುಖ ಅರಳಿತು. ಟೀಚರ ಮುಖ ಬಾಡಿತು. ನನ್ನ ಪಕ್ಕ ಸರಿದು ಮೆಲ್ಲಗೆ, "ಗ್ಯಾರಂಟಿ ಅಂದಿದ್ರಲ್ರೀ," ಎಂದರು. ಕೆಟ್ಟ ಕೆಲಸ ಮಾಡಿ ನಾಚಿಕೊಂಡದ್ದುಂಟು. ಒಳ್ಳೇ ಕೆಲಸ ಮಾಡಿ ನೆಲಕ್ಕಿಳಿದುಹೋದದ್ದು ಅಂದು ಮಾತ್ರ.

ಏನಾದರೂ ಮಾಡಬೇಕಲ್ಲ. ಗಿರಾಕಿಗೆ ನನ್ನ ಕೆಲಸದ ದೋಷಗಳನ್ನು ನಾನೇ ಹೇಳತೊಡಗಿದೆ. "ಸಾರ್, ಇದು ಟ್ರಾಫಿಕ್ಕಲ್ಲಿ ಬಿಸಿ ಆಗುತ್ತೆ. ಸೌಂಡ್ ಜಾಸ್ತಿ. ಮಳೆ ಬಂದ್ರೆ ಬಾನೆಟ್ಟೊಳಗೆ ನೀರು ಬರುತ್ತೆ. ಸೀಟು ಹಿಂದಕ್ಕೆ ಹೋಗಲ್ಲ, ನಿಮ್ಮ ಎತ್ತರಕ್ಕೆ ಮಂಡಿ ಸ್ಟಿಯರಿಂಗಿಗೆ ಬಡಿಯುತ್ತೆ." ಅವರು ನಕ್ಕು, "ಸೀಟು ತೆಗೆಸ್ಕೋತೀನಿ ಬಿಡಿ. ಉಳಿದಿದ್ದೆಲ್ಲ ಹಾಟ್ ರಾಡ್ ಲಕ್ಷಣಾನೇ," ಎಂದರು.

"ಇನ್ನೇನು ಯೋಚನೆ ಅಕ್ಕಾ? ಕೊಟ್ಬಿಡೋಣ," ಎಂದ ಶಿವಣ್ಣ.

ಟೀಚರ್ ಬಾಯಿ ತೆರೆದರು, ಮಾತು ಬರಲಿಲ್ಲ. ಮತ್ತೆ ತೆರೆದರು. ಕೊನೆಗೆ, "ಮೊದ್ಲು ಗಾಡಿ ಹತ್ತು ಶಿವು. ಒಂದ್ಸಲ ಹೋಗ್ಬರೋಣ," ಎಂದರು. "ನಾಗರಾಜಪ್ಪ, ನೀವು ಹಿಂದೆ ಕೂತ್ಕೊಳ್ಳಿ. ಏನಾದ್ರೂ ಕಳಚಿ ಬಿದ್ರೆ ನೀವೇ ಬೇಕು."

ಗಿರಾಕಿಯನ್ನು ಶೆಡ್ಡಿನಲ್ಲಿ ಟೀ ಕುಡಿಯಲು ಬಿಟ್ಟು ಹೊರಟೆವು. ಉಪನಗರದ ಒಳರಸ್ತೆಗಳಲ್ಲಿ ಟೀಚರ್ ಡ್ರಿಲ್ ಕ್ಲಾಸಿನಂತೆ ಅಚ್ಚುಕಟ್ಟಾಗಿ ಓಡಿಸಿದರು. ಮೈಸೂರು ರಸ್ತೆ ಸಿಕ್ಕಿತು. ಭಾನುವಾರದ ಬೆಳಿಗ್ಗೆ, ಮುಂದೆ ಖಾಲಿ ರಸ್ತೆ. ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಅದುಮಿದರು. ನನ್ನ ಬೆನ್ನು ಸೀಟಿಗೆ ಅಂಟಿತು. ಬಾನೆಟ್ಟಿನ ಕಿಟಕಿಯಿಂದ ಎಂಜಿನ್ ಹಾಡುತ್ತಿತ್ತು, ಒಂದು ಸ್ಕ್ರೂ ಕೂಡ ಅಲುಗಲಿಲ್ಲ.

"ಅಕ್ಕಾ, ನಿಧಾನ! ಅಕ್ಕಾ!" ಎಂದು ಶಿವಣ್ಣ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

ಟೀಚರ್ ನಗುತ್ತಿದ್ದರು. ಸಣ್ಣಗೆ ಶುರುವಾದ ನಗು ಹೊಟ್ಟೆ ಹಿಡಿದುಕೊಳ್ಳುವಷ್ಟಾಯಿತು. ಶಿವಣ್ಣ ರಸ್ತೆ ನೋಡುವುದನ್ನು ಬಿಟ್ಟು ಅಕ್ಕನನ್ನೇ ನೋಡತೊಡಗಿದ. ಯು-ಟರ್ನಿನಲ್ಲಿ ಗಾಡಿ ನಿಧಾನವಾದಾಗ, "ಅಕ್ಕ, ನೀನು ಹಿಂಗೆ ನಗೋದು ನಾನು ನೋಡೇ ಇಲ್ವಲ್ಲೇ," ಎಂದ.

"ಯಾವಾಗ ನಗ್ಲೋ? ನಿನ್ನ ಹೋಮ್‌ವರ್ಕ್, ನಿನ್ನ ಕಾಲೇಜು, ನಿನ್ನ ಮದ್ವೆ. ಆಮೇಲೆ ನಿನ್ನ ಮಕ್ಕಳು," ಎಂದರು. ನಗುತ್ತಲೇ ಅಂದರು, ದೂರಿನ ದನಿಯಿರಲಿಲ್ಲ. ಶಿವಣ್ಣ ಆಮೇಲೆ ನಿಧಾನ ಎನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಕೂತವನಿಗೆ ಅವನ ಕಿವಿ ಕೆಂಪಾಗಿದ್ದು ಚೆನ್ನಾಗಿ ಕಾಣುತ್ತಿತ್ತು.

ಶೆಡ್ಡಿಗೆ ಬಂದೆವು. ಗಿರಾಕಿ ಲೋಟ ಕೆಳಗಿಟ್ಟು, "ಏನು ತೀರ್ಮಾನ ಆಯ್ತು?" ಎಂದರು.

ಶಿವಣ್ಣ ಕೆದರಿದ ಕೂದಲನ್ನು ಕೈಯಲ್ಲೇ ಒತ್ತಿಕೊಂಡ. "ಮಾರಲ್ಲ ಸಾರ್. ಕ್ಷಮಿಸಿ. ಮಾರ್ತೀನಿ ಅನ್ನೋಕೆ ನಾನ್ಯಾರು, ಗಾಡಿ ಅಕ್ಕಂದು."

ಅವರು ಎರಡು ಸಲ ಕೇಳಿ ನೋಡಿದರು, ಆಮೇಲೆ ನನ್ನ ಫೋನ್ ನಂಬರ್ ಬರೆದುಕೊಂಡು ಹೋದರು. ನನಗೆ ಗೆದ್ದಷ್ಟು ಸಂತೋಷವಾಗಿತ್ತು. ಒಳಗೆ ಹೋಗಿ ಟೀಚರಿಗೆ ಕುರ್ಚಿ ತಂದೆ. ಅಷ್ಟರಲ್ಲಿ ಶಿವಣ್ಣ ಗಾಡಿಯ ಸುತ್ತ ಒಂದು ಸುತ್ತು ಬಂದು, ಮೀಸೆ ಬಂದಾಗಿನಿಂದ ಮಾಡಿರದಂಥ ಪುಟ್ಟ ಹುಡುಗನ ಮುಖ ಮಾಡಿಕೊಂಡು ಕೈ ನೀಡಿ ನಿಂತಿದ್ದ.

"ಅಕ್ಕ, ಕೀ ಕೊಡೇ. ಒಂದೇ ಒಂದು ರೌಂಡು."

ಟೀಚರ್ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬೇಡ ಕಣೋ ಶಿವು," ಎಂದರು. "ಇದೊಂದು ನಂಗೇ ಇರ್ಲಿ."

ಶಿವಣ್ಣ ಎಡಗಡೆಗೆ ಹೋಗಿ, ಬಾಗಿಲು ತೆಗೆದು, ಅಕ್ಕನ ಪಕ್ಕದ ಸೀಟಿನಲ್ಲಿ ಕೂತು ಕಾಯತೊಡಗಿದ.